ಪೋರ್ಷೆ 911 ಕರೆರಾ ಮತ್ತು ಜಿಟಿ3: ಓಡಿಸುವಾಗ ನಿಜವಾಗಿ ಏನು ವ್ಯತ್ಯಾಸ?

2021ರ 992 ಮಾದರಿಯನ್ನೇ ನೋಡೋಣ (992 ಎಂದರೆ 911ರ ಆ ಪೀಳಿಗೆಯ ಸಂಕೇತ). ಕಾಗದದ ಮೇಲೆ ಕರೆರಾದ್ದು 385 ಅಶ್ವಶಕ್ತಿ, ಜಿಟಿ3ಯದ್ದು 510. ಆದರೆ ಅಸಲಿ ವ್ಯತ್ಯಾಸ ಆ ಶಕ್ತಿ ಬರುವ ರೀತಿಯಲ್ಲಿದೆ.

ಕರೆರಾದ 3 ಲೀಟರ್ ಎಂಜಿನ್‌ಗೆ ಎರಡು ಟರ್ಬೊ, ಅಂದರೆ ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಸಾಧನ. 450 ಎನ್‌ಎಂ ಟಾರ್ಕ್ (ತಿರುಗಿಸುವ ಬಲ) ಸುಮಾರು 2000 ಆರ್‌ಪಿಎಂಗೇ (ನಿಮಿಷಕ್ಕೆ ಎಂಜಿನ್ ಸುತ್ತುವ ಸಂಖ್ಯೆ) ಸಿಗುತ್ತದೆ. ಹಾಗಾಗಿ ಆಕ್ಸಿಲರೇಟರ್ ಸ್ವಲ್ಪ ಒತ್ತಿದರೂ ಕಾರು ಮುಂದೆ ನುಗ್ಗುತ್ತದೆ. ಜಿಟಿ3ಯ 4 ಲೀಟರ್ ಎಂಜಿನ್‌ಗೆ ಟರ್ಬೊನೇ ಇಲ್ಲ. ಪೂರ್ತಿ ಟಾರ್ಕ್ ಬರುವುದು 6100 ಆರ್‌ಪಿಎಂಗೆ. ಅಲ್ಲಿಂದಲೂ ದಣಿಯದೆ 9000ದವರೆಗೆ ಏರುತ್ತದೆ. ಪೆಡಲ್ ಕೂದಲೆಳೆಯಷ್ಟು ಅಲುಗಿದರೂ ಎಂಜಿನ್ ಆ ಕ್ಷಣವೇ ಓಗೊಡುತ್ತದೆ. ಆ ಖುಷಿಯೇ ಬೇರೆ!

ತಿರುವಿನಲ್ಲಿ ಇನ್ನೊಂದು ವಿಷಯ. ಕರೆರಾದ ಮುಂದಿನ ಚಕ್ರಗಳಿಗೆ ಮ್ಯಾಕ್‌ಫರ್ಸನ್ ಸ್ಟ್ರಟ್ ಎಂಬ ಸರಳ ಸಸ್ಪೆನ್ಷನ್, ಜಿಟಿ3ಗೆ ಚಕ್ರವನ್ನು ಮೇಲೆ ಕೆಳಗೆ ಎರಡು ತೋಳುಗಳಿಂದ ಹಿಡಿಯುವ ಡಬಲ್ ವಿಶ್‌ಬೋನ್. ಹೀಗಾಗಿ ಜಿಟಿ3 ವಾಲಿದರೂ ಟೈರು ರಸ್ತೆಗೆ ಸರಿಯಾಗಿ ಅಂಟಿಕೊಂಡಿರುತ್ತದೆ. ಜೊತೆಗೆ ಅದರ ಹಿಂದಿನ ಚಕ್ರಗಳೂ ತುಸು ತಿರುಗುತ್ತವೆ. ಸ್ಟೀರಿಂಗ್ ಅಲುಗಿಸಿದ ತಕ್ಷಣ ಮೂತಿ ತಿರುಗುತ್ತದೆ.

ಜಿಟಿ3ಯ ಈ ಚುರುಕಿಗೆ ತೆರಬೇಕಾದ ಬೆಲೆಯೂ ಇದೆ. ಸಸ್ಪೆನ್ಷನ್ ಗಟ್ಟಿ, ಸದ್ದು ಜಾಸ್ತಿ, ಹಿಂದಿನ ಸೀಟುಗಳಿಲ್ಲ. ದಿನಾ ಓಡಿಸುವುದಕ್ಕೆ ಕರೆರಾನೇ ವಾಸಿ. ಟ್ರ್ಯಾಕ್‌ಗೆ ಆಗಾಗ ಹೋಗುವವರಾದರೆ ಮಾತ್ರ ಜಿಟಿ3 ತಗೊಳ್ಳಿ.