ಹಂದಿ ಮಾಂಸ ಮತ್ತು ಹತ್ತು ಆಜ್ಞೆ: ನಿಮ್ಮ ಪ್ರಶ್ನೆಗೆ

ಬೈಬಲಿನ ಹಳೆಯ ಒಡಂಬಡಿಕೆಯ ಯಾಜಕಕಾಂಡ 11 ಹಂದಿ ಮಾಂಸ ಬೇಡವೆಂದರೂ ಕ್ರೈಸ್ತರಾದ ನೀವು ತಿನ್ನುತ್ತೀರಿ, ಅದೇ ಹಳೆಯ ಒಡಂಬಡಿಕೆಯ ಹತ್ತು ಆಜ್ಞೆಗಳನ್ನು ಮಾತ್ರ ಹಿಡಿದುಕೊಳ್ಳುತ್ತೀರಿ, ಇದು ಅನುಕೂಲಶಾಸ್ತ್ರವಲ್ಲವೇ ಎಂದು ಕೇಳಿದ್ದೀರಿ. ಮಾತು ಖಾರವಾದರೂ ಪ್ರಶ್ನೆ ನ್ಯಾಯವಾದದ್ದೇ.

ತೀರ್ಥಹಳ್ಳಿ ಕಡೆಯ ನಮ್ಮ ತೋಟದಲ್ಲಿ ಎಳೆಯ ಅಡಿಕೆ ಸಸಿಗೆ ಬಿಸಿಲು ತಾಗದಿರಲೆಂದು ಪಕ್ಕದಲ್ಲಿ ಬಾಳೆ ನೆಡುತ್ತೇವೆ. ಅಡಿಕೆ ಎದ್ದು ನಿಂತ ಮೇಲೆ ಬಾಳೆಯನ್ನು ತೆಗೆಯುತ್ತೇವೆ. ಬಾಳೆ ನೆಟ್ಟದ್ದು ತಪ್ಪೆಂದಲ್ಲ, ಅದರ ಕೆಲಸ ಮುಗಿಯಿತು. ಗಲಾತ್ಯದವರಿಗೆ ಬರೆದ ಪತ್ರದ 3ನೇ ಅಧ್ಯಾಯದಲ್ಲಿ ಅಪೊಸ್ತಲ ಪೌಲನು ಧರ್ಮಶಾಸ್ತ್ರವನ್ನು, ಅಂದರೆ ಮೋಶೆಯ ಕಟ್ಟಳೆಗಳನ್ನು, ಕ್ರಿಸ್ತನು ಬರುವ ತನಕದ ಪಾಲಕನೆಂದು ಕರೆಯುವುದೂ ಇದೇ ಅರ್ಥದಲ್ಲಿ.

ಹೊಸ ಒಡಂಬಡಿಕೆಯ, ಅಂದರೆ ದೇವರು ಜನರೊಂದಿಗೆ ಮಾಡುವ ಹೊಸ ಒಪ್ಪಂದದ, ಮಾತು ಮೊದಲು ಬರುವುದೇ ಹಳೆಯ ಒಡಂಬಡಿಕೆಯಲ್ಲಿ, ಯೆರೆಮೀಯ 31:31ರಲ್ಲಿ. ಅಲ್ಲಿ ಆಜ್ಞೆ ಅಳಿಯುವುದಿಲ್ಲ, ಹೃದಯದೊಳಗೆ ಸೇರುತ್ತದೆ. ಕೊಲೆ, ಕಳ್ಳತನದ ನಿಷೇಧವನ್ನು ಪೌಲನು ರೋಮಾಪುರದವರಿಗೆ ಬರೆದ ಪತ್ರ 13:9 ಮತ್ತೆ ಹೇಳುತ್ತದೆ. ಆಹಾರದ ಕಟ್ಟಳೆಯನ್ನು ಮಾರ್ಕನ ಸುವಾರ್ತೆ 7:19 ತೆಗೆದುಹಾಕುತ್ತದೆ. ಹತ್ತು ಆಜ್ಞೆಗಳಲ್ಲೊಂದಾದ ಸಬ್ಬತ್, ಅಂದರೆ ವಾರದ ವಿಶ್ರಾಂತಿ ದಿನದ ವಿಷಯ ಮಾತ್ರ ಕೇಳಬೇಡಿ, ಅದರಲ್ಲಿ ಸಭೆಗಳ ನಡುವೆಯೇ ಒಮ್ಮತವಿಲ್ಲ.