ಹುಕಪ್ ಇಲ್ಲದ ಕಡೆ ಆರ್‌ವಿ ನಿಲ್ಲಿಸುವ ಮುಂಚೆ

ಪ್ರಶ್ನೆ: ಹೋದ ವರ್ಷ ಸೆಕೆಂಡ್ ಹ್ಯಾಂಡ್ ಆರ್‌ವಿ, ಅಂದರೆ ಒಳಗೇ ಅಡುಗೆ, ಮಲಗೋ ವ್ಯವಸ್ಥೆ ಇರುವ ಮೋಟರ್‌ಹೋಮ್ ತಗೊಂಡೆವು. ಇಲ್ಲಿವರೆಗೆ ಕರೆಂಟು, ನೀರು, ಡ್ರೈನು ಮೂರೂ ಇರುವ ಕ್ಯಾಂಪ್‌ಗ್ರೌಂಡ್‌ಗಳಲ್ಲೇ ಉಳಿದಿದ್ದೇವೆ. ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾ ಮರುಭೂಮಿಯ ಜೋಶುವಾ ಟ್ರೀ ನ್ಯಾಷನಲ್ ಪಾರ್ಕಿಗೆ ಎರಡು ದಿನ ಹೋಗುವ ಆಸೆ. ಅಲ್ಲಿ ಹುಕಪ್, ಅಂದರೆ ಗಾಡಿಗೆ ಈ ಮೂರನ್ನೂ ಜೋಡಿಸುವ ಸೌಲಭ್ಯ, ಇಲ್ಲವಂತೆ. ನಾವಿಬ್ಬರು, ಇಬ್ಬರು ಮಕ್ಕಳು, ಮೈಸೂರಿಂದ ಬಂದಿರುವ ಅತ್ತೆ. ಆಗುತ್ತಾ?
– ಓದುಗರು, ಸ್ಯಾನ್ ಹೋಸೆ

ಉತ್ತರ: ಆಗುತ್ತೆ. ಆದರೆ ಸೀದಾ ಅಲ್ಲಿಗೇ ಹೋಗಬೇಡಿ. ಮೊದಲು ನಿಮ್ಮ ಮಾಮೂಲಿ ಕ್ಯಾಂಪ್‌ಗ್ರೌಂಡಿಗೇ ಹೋಗಿ, ಒಂದು ರಾತ್ರಿ ಕೇಬಲ್ಲು ಪೈಪು ಎರಡನ್ನೂ ಚುಚ್ಚದೆ ಇದ್ದು ನೋಡಿ. ಏನಾದರೂ ಕೈಕೊಟ್ಟರೆ ಪ್ಲಗ್ ಎರಡು ಹೆಜ್ಜೆ ದೂರದಲ್ಲೇ ಇರುತ್ತೆ, ಅಲ್ವಾ?

ಎಲ್ಲರೂ ನೀರು ಖಾಲಿಯಾಗುತ್ತೆ ಅಂತ ಹೆದರುತ್ತಾರೆ. ಎಷ್ಟೋ ಸಲ ಮೊದಲು ಕಾಟ ಕೊಡುವುದು ತುಂಬುವ ಟ್ಯಾಂಕು. ಸ್ನಾನದ್ದು, ಪಾತ್ರೆ ತೊಳೆದದ್ದು ಎಲ್ಲ ಗ್ರೇ ಟ್ಯಾಂಕಿಗೆ, ಅಂದರೆ ಬಳಸಿದ ನೀರಿನ ಟ್ಯಾಂಕಿಗೆ ಹೋಗಿ, ಅದು ತುಂಬಿದ ಮೇಲೆ ಶವರಿನ ತೂತಿನಿಂದಲೇ ವಾಪಸ್ ಬರುತ್ತೆ. ಹೊರಗೆ ನೆಲಕ್ಕೆ ಬಿಡುವ ಹಾಗಿಲ್ಲ. ಅದಕ್ಕೆ ತಟ್ಟೆ, ಬಾಣಲೆಯನ್ನು ಮೊದಲು ಪೇಪರ್ ಟವೆಲ್‌ನಲ್ಲಿ ಒರೆಸಿ, ಆಮೇಲೆ ತೊಳೆಯಿರಿ. ಒಗ್ಗರಣೆ ಎಣ್ಣೆ ಸಿಂಕಿಗೆ ಹೋದರೆ ಎರಡನೇ ದಿನ ಒಳಗೆ ಕೂರೋಕಾಗಲ್ಲ, ಅಂಥ ನಾತ.

ನಿಮ್ಮ ನೀರಿನ ಟ್ಯಾಂಕ್ 40 ಗ್ಯಾಲನ್ ಇದೆ ಅಂದುಕೊಳ್ಳೋಣ, ಸುಮಾರು 150 ಲೀಟರ್. ಐದು ಜನ, ಎರಡು ದಿನ ಅಂದರೆ ತಲಾ ದಿನಕ್ಕೆ 15 ಲೀಟರ್. ಶವರ್ ಬಿಟ್ಟರೆ ನಿಮಿಷಕ್ಕೆ ಏಳೆಂಟು ಲೀಟರ್ ಹೋಗುತ್ತೆ, ಲೆಕ್ಕ ನೀವೇ ಹಾಕಿ. ಕುಡಿಯುವ ನೀರು ಬೇರೆ ಕ್ಯಾನ್‌ನಲ್ಲಿ ಒಯ್ಯಿರಿ.

ಬ್ಯಾಟರಿಯದ್ದು ಇನ್ನೊಂದು ಕಥೆ. ಹೀಟರ್ ಗ್ಯಾಸಿನಲ್ಲಿ ಉರಿಯುತ್ತೆ ಅಂತ ನಾವು ಮೊದಲ ಸಲ ಆರಾಮಾಗಿ ಮಲಗಿದ್ದೆವು. ಅದರ ಫ್ಯಾನ್ ಓಡುವುದು ಬ್ಯಾಟರಿಯಲ್ಲಿ ಅಂತ ಗೊತ್ತಾಗಿದ್ದು ಬೆಳಗಿನ ಜಾವ ಮೂರಕ್ಕೆ. ಗುಂಯ್ ಅಂತ ಎಳೆದು ಎಳೆದು ನಿಂತೇಹೋಯಿತು. ಇದ್ದಬದ್ದ ಸ್ವೆಟರ್ ಎಲ್ಲ ಹಾಕಿಕೊಂಡು ಬೆಳಗಾಗುವುದನ್ನೇ ಕಾಯುತ್ತಾ ಕೂತೆವು. 100 ಆಂಪಿಯರ್ ಅವರ್‌ನ ಹಳೇ ಲೆಡ್ ಬ್ಯಾಟರಿಯಾದರೆ ಅರ್ಧದಷ್ಟೇ ಬಳಸಬೇಕು. ಲಿಥಿಯಂ ಆದರೆ ಹೆಚ್ಚುಕಮ್ಮಿ ಪೂರ್ತಿ ಬಳಸಬಹುದು, ಬೆಲೆ ಮಾತ್ರ ಜಾಸ್ತಿ. ಮರುಭೂಮಿ ಅಂತ ಸಸಾರ ಮಾಡಬೇಡಿ, ಡಿಸೆಂಬರ್ ರಾತ್ರಿ ಅಲ್ಲಿ ನೀರು ಹೆಪ್ಪುಗಟ್ಟುವ ಚಳಿ ಇರುತ್ತೆ. ಹೀಟರ್ ಕಮ್ಮಿ ಇಟ್ಟು ದಪ್ಪ ರಜಾಯಿ ಹೊದೆಯಿರಿ.

ಜನರೇಟರ್ ಇದ್ದರೂ ಅಲ್ಲಿ ದಿನಕ್ಕೆ ಮೂರು ಸಲ, ಎರಡೆರಡು ಗಂಟೆ ಮಾತ್ರ ಹಾಕಬಹುದು. ಮೈಕ್ರೋವೇವ್, ಮಿಕ್ಸಿ ಆಸೆಯನ್ನು ಆ ಹೊತ್ತಿಗೇ ಇಟ್ಟುಕೊಳ್ಳಿ. ಅದಕ್ಕಿಂತ ಚಟ್ನಿ ಮನೆಯಲ್ಲೇ ರುಬ್ಬಿ ಒಯ್ಯೋದು ಸುಲಭ, ಒಲೆ ಹೇಗೂ ಗ್ಯಾಸಿನದ್ದು.

ಜೋಶುವಾ ಟ್ರೀಯ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಬ್ಲ್ಯಾಕ್ ರಾಕ್ ಅಥವಾ ಕಾಟನ್‌ವುಡ್‌ನಲ್ಲೇ ಜಾಗ ಬುಕ್ ಮಾಡಿ. ಎರಡೂ ಕಡೆ ನಲ್ಲಿ ನೀರಿದೆ, ಫ್ಲಶ್ ಇರುವ ಟಾಯ್ಲೆಟ್ ಇದೆ, ಟ್ಯಾಂಕ್ ಖಾಲಿ ಮಾಡುವ ಡಂಪ್ ಸ್ಟೇಷನ್ನೂ ಇದೆ. ಫೋಟೋದಲ್ಲಿ ಚಂದ ಕಾಣುವ ಜಂಬೋ ರಾಕ್ಸ್‌ನಲ್ಲಿ ಒಂದು ಹನಿ ನೀರೂ ಸಿಗಲ್ಲ. ಅದು ಮುಂದಿನ ಸಲಕ್ಕಿರಲಿ.

ಅತ್ತೆಯವರ ಚಿಂತೆ ನಿಮಗೆ ಬೇಡ. ಎರಡು ದಿನಕ್ಕೊಮ್ಮೆ ನಲ್ಲಿ ಬರುವ ಬೀದಿಯಲ್ಲಿ ಒಂದು ಬೇಸಿಗೆ ಕಳೆದಿದ್ದರೂ ಸಾಕು, ಚೊಂಬು ಬಕೆಟ್ಟಿನ ಲೆಕ್ಕ ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತಿರುತ್ತೆ. ನೀರಿನ ಉಸ್ತುವಾರಿ ಅವರಿಗೇ ಕೊಟ್ಟುಬಿಡಿ, ಮಕ್ಕಳೂ ಅಜ್ಜಿ ಮಾತಾದರೆ ಕೇಳುತ್ತಾರೆ.