ತುಮಕೂರಿನಿಂದ ಸಾಂಭರ್ ಉಪ್ಪಿನ ಕೆರೆಗೆ ಕಾರಲ್ಲಿ: ಗುಬ್ಬಿಯವರ ಪ್ರಶ್ನೆಗೆ

ಗುಬ್ಬಿಯವರೇ, ನಿನ್ನೆ ರಾತ್ರಿ ನೀವು ಹಾಕಿದ ಪ್ರಶ್ನೆ ಈಗ ಬೆಳಿಗ್ಗೆ ಓದಿದೆ. ಡಿಸೆಂಬರ್ ಕೊನೆಯಲ್ಲಿ ಎರ್ಟಿಗಾದಲ್ಲಿ ಅಪ್ಪ, ಅಮ್ಮ, ಹೆಂಡತಿ, ಇಬ್ಬರು ಮಕ್ಕಳ ಜೊತೆ ರಾಜಸ್ಥಾನದ ಸಾಂಭರ್ ಕೆರೆಗೆ ಹೋಗಬೇಕು, ಕೈಯಲ್ಲಿ ಹನ್ನೆರಡು ದಿನ ಇದೆ, ದಿನಕ್ಕೆ ಆರುನೂರು ಕಿ.ಮೀ. ಹೊಡೆದರೆ ಆಗುತ್ತಾ, ಕೆರೆಯ ಬಿಳಿ ನೆಲದ ಮೇಲೆ ಕಾರು ಓಡಿಸಬಹುದಾ ಅಂತ ಕೇಳಿದ್ದೀರಿ. ನಾವು ಎರಡು ಚಳಿಗಾಲದ ಹಿಂದೆ ಹೋಗಿದ್ವಿ. ನಾನು, ನಮ್ಮೆಜಮಾನ್ರು, ನಮ್ಮತ್ತೆ, ಮಗಳು. ಮುಕ್ಕಾಲು ಪಾಲು ಗಾಡಿ ಓಡಿಸಿದ್ದು ನಾನೇ. ಅದಕ್ಕೇ ಸ್ವಲ್ಪ ಉದ್ದ ಬರೀತೀನಿ, ಪುರುಸೊತ್ತಾದಾಗ ಓದಿ.

ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಬಿಳಿ ನೆಲದ ಮೇಲೆ ಕಾರು ಇಳಿಸಲೇಬೇಡಿ. ವಿಡಿಯೋದಲ್ಲಿ ಎಷ್ಟು ಚೆನ್ನಾಗಿ ಕಂಡರೂ ಸರಿ, ಬೇಡ.

ಕಡಬ ಕೆರೆ ನೀವು ನೋಡಿರ್ತೀರಿ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಅಂಗಳ ಬಿರುಕು ಬಿಟ್ಟು ಗಟ್ಟಿಯಾಗಿ ಕಾಣುತ್ತೆ, ದನ ಕಾಲಿಟ್ಟರೆ ಮೊಣಕಾಲವರೆಗೂ ಹೂತ್ಕೊಳ್ಳುತ್ತೆ. ಸಾಂಭರ್ ಕೂಡ ಹಾಗೇ, ಆದರೆ ಅಲ್ಲಿ ಮೇಲೆ ಉಪ್ಪಿನ ಗಟ್ಟಿ ಪದರ ಇರೋದರಿಂದ ಮೋಸ ಇನ್ನೂ ಜಾಸ್ತಿ. ನಾವು ಹೋದಾಗ ನಮಗಿಂತ ಮುಂಚೆ ಯಾವುದೋ ಜೀಪು ಹೋಗಿದ್ದ ಗುರುತಿತ್ತು. ಅದನ್ನು ನಂಬಿ ನಾನೂ ಇಳಿಸಿದೆ. ಐವತ್ತು ಅಡಿ ಚೆನ್ನಾಗೇ ಹೋಯ್ತು. ಆಮೇಲೆ ಹಪ್ಪಳ ಮುರಿದ ಹಾಗೆ ಒಂದು ಸದ್ದು ಬಂತು, ಮುಂದಿನ ಎಡ ಚಕ್ರ ಕುಸೀತು. ಅಕ್ಸಲರೇಟರ್ ಒತ್ತಿದೆ, ಚಕ್ರ ಅಲ್ಲೇ ತಿರುಗಿತು, ಬಂಪರ್ ನೆಲ ಮುಟ್ಟಿತು. ಇಳಿದು ನೋಡಿದರೆ ಬೆರಳು ದಪ್ಪದ ಬಿಳಿ ಪದರ, ಅದರ ಕೆಳಗೆ ಗ್ರೀಸ್ ಥರ ಕಪ್ಪು ಕೆಸರು, ಕೊಳೆತ ಮೊಟ್ಟೆಯ ವಾಸನೆ. ಜೀಪಿನವರಿಗೆ ಫೋರ್ ವೀಲ್ ಡ್ರೈವ್ ಇತ್ತು, ಬಹುಶಃ ನಮಗಿಂತ ಒಣಗಿದ ದಿನ ಬಂದಿದ್ರು. ಹತ್ತಿರದ ಹಳ್ಳಿಯಿಂದ ಟ್ರ್ಯಾಕ್ಟರ್ ಬಂದು ಎಳೆಯೋ ಹೊತ್ತಿಗೆ ಮೂರು ಗಂಟೆ ಆಗಿತ್ತು. ಆ ಮೂರು ಗಂಟೆ ನಮ್ಮತ್ತೆ ಬಿಸಿಲಲ್ಲಿ, ನೆರಳಿಗೆ ಒಂದು ಜಾಲಿ ಗಿಡವೂ ಇಲ್ಲದ ಕಡೆ ಕೂತಿದ್ದರು. ಅದು ಈಗಲೂ ನನಗೆ ನೋವು ಕೊಡೋ ವಿಷಯ. ಜೊತೆಗೆ ಆ ಅಂಗಳ ಹಕ್ಕಿಗಳ ಜಾಗ, 1990ರಿಂದ ರಾಮ್ಸಾರ್ ಅನ್ನೋ ಅಂತರರಾಷ್ಟ್ರೀಯ ಪಟ್ಟಿಯಲ್ಲಿರೋ ಜೌಗು ಪ್ರದೇಶ. ಗಾಡಿಯನ್ನು ರಸ್ತೆಯಲ್ಲಿ ಅಥವಾ ಕಟ್ಟೆಯ ಪಕ್ಕ ನಿಲ್ಲಿಸಿ, ನಡೆದು ಹೋಗಿ. ಅದೂ ಊರಿನವರು ತುಳಿದ ದಾರಿಯಲ್ಲೇ.

ಈಗ ದಾರಿ. ಬೆಂಗಳೂರಿಂದ ಬಂದು ತುಮಕೂರು ಪಕ್ಕದಲ್ಲೇ ಹಾದು ಶಿರಾ, ಚಿತ್ರದುರ್ಗ ಕಡೆ ಹೋಗೋ ನಮ್ಮ ಹೆದ್ದಾರಿ 48 ಇದೆಯಲ್ಲ, ಅದೇ ಪುಣೆ, ಮುಂಬೈ, ಸೂರತ್, ಅಹಮದಾಬಾದ್, ಉದಯಪುರ, ಕಿಶನ್‌ಗಢ ಮೇಲೆ ಜೈಪುರ, ದೆಹಲಿಗೆ ಹೋಗೋದು. ನಿಮ್ಮ ಮನೆ ಹತ್ತಿರ ಹತ್ತಿದ ರಸ್ತೆಯನ್ನು ಕಿಶನ್‌ಗಢದ ಹತ್ತಿರ ಬಿಟ್ಟು ಒಳಕ್ಕೆ ತಿರುಗಿದರೆ ಕೆರೆ. ಒಂದು ದಿಕ್ಕಿಗೆ ಸುಮಾರು ಎರಡು ಸಾವಿರ ಕಿ.ಮೀ.

ದಿನಕ್ಕೆ ಆರುನೂರು ಬೇಡ. ನೀವೊಬ್ಬರೇ ಆದರೆ ಹೊಡೀಬಹುದು. ವಯಸ್ಸಾದವರಿದ್ದರೆ ಎರಡು ಗಂಟೆಗೊಮ್ಮೆ ಇಳಿಯಬೇಕು, ಕಾಲು ಆಡಿಸಬೇಕು, ಸ್ವಚ್ಛವಾದ ಟಾಯ್ಲೆಟ್ ಹುಡುಕಬೇಕು. ನಾಲ್ಕು ನೂರರ ಆಸುಪಾಸು ಇಟ್ಕೊಳ್ಳಿ, ಮೊದಲ ದಿನ ಮಾತ್ರ ಸ್ವಲ್ಪ ಜಾಸ್ತಿ. ನಮ್ಮ ಲೆಕ್ಕ ಹೀಗಿತ್ತು. ಬೆಳಗಿನ ಜಾವ ಐದಕ್ಕೆ ತುಮಕೂರು ಬಿಟ್ಟು ಸಂಜೆಗೆ ಕೊಲ್ಹಾಪುರ, ಅದು ಹತ್ತಿರ ಹತ್ತಿರ ಐನೂರೈವತ್ತು ಕಿ.ಮೀ. ನಿಮ್ಮ ತಂದೆಯವರಿಗೆ ಸುಸ್ತಾದರೆ ಬೆಳಗಾವಿಯಲ್ಲೇ ನಿಲ್ಲಿ. ಎರಡನೇ ದಿನ ಪುಣೆ ದಾಟಿ ನಾಷಿಕ್. ಮೂರನೇ ದಿನ ವಡೋದರಾ. ನಾಲ್ಕನೇ ದಿನ ಅಹಮದಾಬಾದ್, ಶಾಮಲಾಜಿ ಮೇಲೆ ಉದಯಪುರ. ಐದನೇ ದಿನ ನಾಥದ್ವಾರ, ಬ್ಯಾವರ್, ಅಜ್ಮೇರ್ ದಾಟಿ ಕಿಶನ್‌ಗಢ.

ಮುಂಬೈ ಯಾಕೆ ಬಿಟ್ಟೆ ಅಂದರೆ, ಥಾಣೆಯ ಘೋಡ್‌ಬಂದರ್ ರಸ್ತೆಯಲ್ಲಿ ಸಿಕ್ಕಿಹಾಕ್ಕೊಂಡರೆ ಅರ್ಧ ದಿನ ಅಲ್ಲೇ ಹೋಗುತ್ತೆ. ನಾಷಿಕ್‌ನಿಂದ ಪೇಠ್, ಕಪ್ರಾಡಾ ಮೇಲೆ ಇಳಿದು ವಾಪಿ ಹತ್ತಿರ ಮತ್ತೆ 48 ಹಿಡೀಬಹುದು. ಕಪ್ರಾಡಾ ಘಾಟಿ ಕಡಿದಾಗಿದೆ, ಎರಡನೇ ಗೇರಲ್ಲಿ ಇಳಿಸಿ, ಹಗಲಲ್ಲೇ ದಾಟಿ. ಇನ್ನೊಂದು ಕಡೆ ಜೋಪಾನ ಬೇಕಾಗಿರೋದು ಪುಣೆಯ ಬಾಗಿಲಲ್ಲಿ. ಕಾತ್ರಜ್‌ನ ಹೊಸ ಸುರಂಗ ದಾಟಿದ ಮೇಲೆ ನವಲೆ ಸೇತುವೆವರೆಗೂ ಒಂದೇ ಇಳಿಜಾರು. ಲಾರಿಗಳು ಬ್ರೇಕ್ ಹಿಡಿಯದೆ ಮುಂದಿನ ಗಾಡಿಗಳಿಗೆ ನುಗ್ಗೋ ಜಾಗ ಅದು. ಎಡಕ್ಕೆ ಹೋಗಿ, ಗೇರಲ್ಲೇ ಇಳಿಸಿ, ಹಿಂದಿನ ಕನ್ನಡಿ ನೋಡ್ತಾ ಇರಿ.

ಲೆಕ್ಕ ಹಾಕಿ ನೋಡಿ. ಹೋಗೋಕೆ ಐದು, ಬರೋಕೆ ಐದು, ಉಳಿದಿದ್ದು ಎರಡೇ ದಿನ. ಒಂದು ಟೈರ್ ಪಂಚರ್, ಒಂದು ಮಗುವಿಗೆ ಜ್ವರ ಬಂದರೆ ಎಲ್ಲಾ ಹಿಂದುಮುಂದಾಗುತ್ತೆ. ರಜೆ ಎರಡು ದಿನ ಜಾಸ್ತಿ ಸಿಕ್ಕರೆ ತಗೊಳ್ಳಿ, ಹೋಗುವಾಗ ಉದಯಪುರದಲ್ಲಿ ಒಂದು ದಿನ ಗಾಡಿ ಮುಟ್ಟದೆ ಇರಿ. ಸಿಗದಿದ್ದರೆ ಅಪ್ಪ ಅಮ್ಮನ್ನ ರೈಲಲ್ಲಿ ಕಳಿಸಿ. ಮೈಸೂರಿನಿಂದ ಬೆಂಗಳೂರು ಮೇಲೆ ಅಜ್ಮೇರಿಗೆ ನೇರ ರೈಲಿದೆ, ದಿನಾ ಇಲ್ಲ, ವಾರದ ದಿನ ನೋಡ್ಕೊಂಡು ಬುಕ್ ಮಾಡಬೇಕು. ನೀವು ಕಾರಲ್ಲಿ ಹೋಗಿ ಅಜ್ಮೇರ್ ಸ್ಟೇಷನ್ನಲ್ಲಿ ಕರ್ಕೊಳ್ಳಬಹುದು. ನಾನು ಇನ್ನೊಂದು ಸಲ ಹೋದರೆ ಹಾಗೇ ಮಾಡೋದು. ನಮ್ಮತ್ತೆಗೆ ಮೂರನೇ ದಿನಕ್ಕೇ ಕಾಲು ಊದ್ಕೊಂಡಿತ್ತು, ಪಾಪ, ಯಾರಿಗೂ ಹೇಳಿರಲಿಲ್ಲ.

ರಜೆ ಏಳೆಂಟು ದಿನಕ್ಕೆ ಇಳಿದರೆ ಸಾಂಭರ್ ಬಿಟ್ಟು ಮಹಾರಾಷ್ಟ್ರದ ಲೋಣಾರ್‌ಗೆ ಹೋಗಿ. ಅರ್ಧ ದೂರ. ಉಲ್ಕೆ ಬಿದ್ದು ಕಪ್ಪು ಬಂಡೆಯಲ್ಲಿ ಆದ ಗುಂಡಿ, ಅದರ ನೀರೂ ಉಪ್ಪು, ಕ್ಷಾರ. 2020ರ ಜೂನ್‌ನಲ್ಲಿ ನೀರು ಗುಲಾಬಿ ಬಣ್ಣಕ್ಕೆ ತಿರುಗಿತ್ತಲ್ಲ, ಅದೇ ಕೆರೆ.

ಇನ್ನು ಸಾಂಭರ್‌ನಲ್ಲಿ ಏನು ನೋಡೋದು. ಮಕ್ಕಳಿಗೆ ಹೋಗೋ ಮುಂಚೆ ಒಂದು ಮಾತು ಹೇಳಿ: ಅದು ಕೋಡಿ ಇಲ್ಲದ ಕೆರೆ. ನಮ್ಮ ಕೆರೆ ತುಂಬಿದರೆ ಕೋಡಿ ಬಿದ್ದು ಮುಂದಿನ ಕೆರೆಗೆ ಹೋಗುತ್ತೆ, ಅಲ್ಲಿಂದ ನದಿ, ಸಮುದ್ರ. ಸಾಂಭರ್‌ಗೆ ಮೇಂಢಾ, ರೂಪನ್‌ಗಢ ಅನ್ನೋ ಮಳೆಗಾಲದ ಹೊಳೆಗಳು ಬರ್ತಾವೆ, ಹೊರಗೆ ಹೋಗೋ ದಾರಿ ಇಲ್ಲ. ಬಿಸಿಲಿಗೆ ನೀರು ಆವಿಯಾಗುತ್ತೆ, ಹೊಳೆ ತಂದ ಉಪ್ಪಿನಂಶ ಅಲ್ಲೇ ಉಳಿಯುತ್ತೆ. ಹೀಗೇ ಸಾವಿರಾರು ವರ್ಷ. ಸುಮಾರು 35 ಕಿ.ಮೀ. ಉದ್ದ ಇದ್ದರೂ ಮಳೆಗಾಲ ಮುಗಿದ ಹೊತ್ತಲ್ಲಿ ಆಳ ಮೂರು ಮೀಟರ್ ಆಸುಪಾಸು, ಬೇಸಿಗೆಯಲ್ಲಿ ಎರಡು ಅಡಿಗೆ ಇಳಿಯುತ್ತೆ. ನಮ್ಮ ಪಾವಗಡ ಕಡೆ ಚೌಳು ನೆಲದಲ್ಲಿ ಬೇಸಿಗೆಗೆ ಬಿಳಿ ಪುಡಿ ಏಳುತ್ತಲ್ಲ, ಹಿಂದಿನ ಕಾಲದಲ್ಲಿ ಉಪ್ಪಾರರು ಅಂಥ ಮಣ್ಣನ್ನೇ ಸೋಸಿ ಉಪ್ಪು ತೆಗೀತಿದ್ದರು. ಅದೇ ಕೆಲಸ ಅಲ್ಲಿ ಒಂದು ಕೆರೆಯಷ್ಟು ದೊಡ್ಡದಾಗಿ ನಡೆದಿದೆ ಅಂತ ನನ್ನ ಮಗಳಿಗೆ ಹೇಳಿದ್ದೆ, ಅವಳಿಗೆ ತಕ್ಷಣ ಅರ್ಥ ಆಯ್ತು.

ಕೆರೆಗೆ ಅಡ್ಡಲಾಗಿ ಐದು ಕಿ.ಮೀ. ಉದ್ದದ ಕಲ್ಲಿನ ಕಟ್ಟೆ ಇದೆ. ಅದರ ಪೂರ್ವಕ್ಕೆ ಉಪ್ಪಿನ ಮಡಿಗಳು. ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಉಪ್ಪಿನಾಗರ ನೋಡಿದ್ದರೆ ಗೊತ್ತಾಗುತ್ತೆ, ಇದು ಕಣ್ಣು ಹೋದಷ್ಟು ದೂರ. ಕೆಲವು ಮಡಿಯ ನೀರು ಕೆಂಪಗೆ, ಗುಲಾಬಿಯಾಗಿ ಇರುತ್ತೆ. ಉಪ್ಪು ಗಾಢವಾದಾಗ ಬೆಳೆಯೋ ಪಾಚಿ, ಸೂಕ್ಷ್ಮಜೀವಿಗಳ ಬಣ್ಣ ಅದು, ಯಾರೂ ಏನೂ ಬೆರೆಸಿರಲ್ಲ. ಉಪ್ಪು ಸಾಗಿಸೋ ಪುಟ್ಟ ರೈಲಿನ ಹಳಿಯೂ ಕಾಣುತ್ತೆ. ಉಪ್ಪು ಒಟ್ಟೋ ಕೆಲಸ ಜೋರಾಗಿ ನಡೆಯೋದು ಬೇಸಿಗೆಯಲ್ಲಿ. ಡಿಸೆಂಬರ್‌ನಲ್ಲಿ ನಿಮಗೆ ಸಿಗೋದು ಹಕ್ಕಿ. ಮಳೆ ಚೆನ್ನಾಗಿ ಆದ ವರ್ಷ ನೀರೇ ಜಾಸ್ತಿ ಇರುತ್ತೆ, ಫೋಟೋದಲ್ಲಿ ನೋಡಿದ ಬಿಳಿ ಬಯಲು ಕಾಣಲಿಲ್ಲ ಅಂತ ಬೇಜಾರಾಗಬೇಡಿ. ನೀರಿದ್ದರೇ ರಾಜಹಂಸ, ಅಂದರೆ ಫ್ಲೆಮಿಂಗೋ. ಕಗ್ಗಲಡುವಿನ ಹುಣಸೆಮರದಲ್ಲಿ ಬಣ್ಣದ ಕೊಕ್ಕರೆ ನೋಡಿ ಬೆಳೆದವಳು ನಾನು, ಹಕ್ಕಿ ನನಗೆ ಹೊಸದಲ್ಲ. ಆದರೂ ಬೆಳಿಗ್ಗೆ ಮಂಜು ಕರಗ್ತಾ ಇರುವಾಗ, ನೀರೋ ನೆಲವೋ ಗೊತ್ತಾಗದ ಬೆಳಕಲ್ಲಿ ಸಾಲಾಗಿ ನಿಂತ ರಾಜಹಂಸಗಳು ತಲೆ ತಗ್ಗಿಸಿ ಕೊಕ್ಕು ತಲೆಕೆಳಗು ಮಾಡಿ ನೀರು ಜಾಲಾಡೋದನ್ನ ನೋಡಿ ಅರ್ಧ ಗಂಟೆ ನಮ್ಮಲ್ಲಿ ಯಾರೂ ಮಾತಾಡಲಿಲ್ಲ. ಬೈನಾಕ್ಯುಲರ್ ಯಾರ ಹತ್ತಿರನಾದ್ರೂ ಕೇಳಿ ತಗೊಂಡು ಹೋಗಿ, ಹತ್ತಿರ ಹೋಗಿ ಎಬ್ಬಿಸಬೇಡಿ. ಸತ್ತ ಹಕ್ಕಿ ಕಂಡರೆ ಮಕ್ಕಳು ಮುಟ್ಟದ ಹಾಗೆ ನೋಡ್ಕೊಳ್ಳಿ. 2019ರ ನವೆಂಬರ್‌ನಲ್ಲಿ ಬಾಟುಲಿಸಂ ಅನ್ನೋ ರೋಗದಿಂದ ಅಲ್ಲಿ ಸಾವಿರಾರು ಹಕ್ಕಿ ಸತ್ತಿದ್ದವು.

ನಿಮ್ಮ ಅಮ್ಮನಿಗೆ ಖುಷಿಯಾಗೋ ಜಾಗ ಶಾಕಂಭರಿ ದೇವಿ ಗುಡಿ. ನಮ್ಮ ಬಾದಾಮಿಯ ಬನಶಂಕರಿಯನ್ನೂ ಶಾಕಂಭರಿ ಅಂತಾರಲ್ಲ, ಅದೇ ಹೆಸರಿನ ತಾಯಿ. ದೇವಿ ಒಲಿದು ಕಾಡನ್ನೆಲ್ಲ ಬೆಳ್ಳಿಯ ಬಯಲು ಮಾಡಿದಳಂತೆ, ಬೆಳ್ಳಿಗಾಗಿ ಹೊಡೆದಾಟ ಆದೀತು ಅಂತ ಜನ ಹೆದರಿ ಬೇಡಿಕೊಂಡಾಗ ಅದನ್ನೇ ಉಪ್ಪು ಮಾಡಿದಳಂತೆ. ಊರಲ್ಲಿ ದೇವಯಾನಿ ಹೆಸರಿನ ಕಲ್ಯಾಣಿಯೂ ಇದೆ, ಯಯಾತಿಯ ಹೆಂಡತಿ ದೇವಯಾನಿ. ಎರಡಕ್ಕೂ ಸೇರಿ ಅರ್ಧ ದಿನ ಸಾಕು.

ಉಳಿಯೋದು ಕಿಶನ್‌ಗಢದಲ್ಲೋ ಅಜ್ಮೇರ್‌ನಲ್ಲೋ ಆದರೆ ವಯಸ್ಸಾದವರಿಗೆ ಅನುಕೂಲ, ಆಸ್ಪತ್ರೆ ಹತ್ತಿರ. ಸಾಂಭರ್ ಚಿಕ್ಕ ಊರು. ಕಿಶನ್‌ಗಢದಲ್ಲಿ ಬೆಳ್ಳಗೆ ಗುಡ್ಡಗುಡ್ಡ ಕಂಡರೆ ಉಪ್ಪು ಅಂದ್ಕೊಂಡು ಮಕ್ಕಳನ್ನ ಆಡೋಕೆ ಬಿಡಬೇಡಿ, ಅದು ಮಾರ್ಬಲ್ ಕೊಯ್ದ ಪುಡಿ. ಗಾಳಿಗೆ ಎದ್ದು ಉಸಿರಿಗೆ ಹೋಗುತ್ತೆ.

ಚಳಿ ನಮ್ಮೂರಿನ ಥರ ಅಲ್ಲ. ರಾತ್ರಿ ಐದಾರು ಡಿಗ್ರಿಗೂ ಇಳಿಯುತ್ತೆ. ಉಣ್ಣೆ ಕಾಲುಚೀಲ, ಮಂಕಿಕ್ಯಾಪು, ದಪ್ಪ ರಗ್ಗು ಮನೆಯಿಂದಲೇ ತಗೊಂಡು ಹೋಗಿ. ಸೂರ್ಯ ಹುಟ್ಟೋದು ಏಳು ದಾಟಿದ ಮೇಲೆ, ಮಂಜೂ ಇರುತ್ತೆ. ರಾಜಸ್ಥಾನದ ಒಳಗೆ ಎಂಟಕ್ಕೆ ಮುಂಚೆ ಹೆದ್ದಾರಿಗೆ ಇಳಿಯಬೇಡಿ, ಕತ್ತಲಾದ ಮೇಲೂ ಓಡಿಸಬೇಡಿ. ನೀಲಗಾಯಿ ಅಡ್ಡ ಬರುತ್ತೆ, ಕುದುರೆಯಷ್ಟು ದೊಡ್ಡ ಪ್ರಾಣಿ ಅದು.

ಖರ್ಚು. ಸುತ್ತಾಟ ಸೇರಿ 4,300 ಕಿ.ಮೀ. ಹಿಡಿಯಿರಿ. ಲೀಟರಿಗೆ ಹದಿನಾರು ಕೊಟ್ಟರೆ 270 ಲೀಟರ್ ಪೆಟ್ರೋಲ್, ನೂರು ರೂಪಾಯಿ ಲೆಕ್ಕದಲ್ಲಿ 27,000. ಗುಜರಾತಿಗಿಂತ ರಾಜಸ್ಥಾನದಲ್ಲಿ ಪೆಟ್ರೋಲ್ ದುಬಾರಿ, ಶಾಮಲಾಜಿ ಹತ್ತಿರ ಗಡಿ ದಾಟೋ ಮುಂಚೆ ಟ್ಯಾಂಕ್ ತುಂಬಿಸಿ. ಟೋಲ್‌ಗೆ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಮಾಡಿಸಿ. 2025ರ ಆಗಸ್ಟ್ 15ಕ್ಕೆ ಶುರುವಾದಾಗ 3,000 ರೂಪಾಯಿ, ಒಂದು ವರ್ಷ ಅಥವಾ 200 ಟ್ರಿಪ್. ಒಂದು ಟೋಲ್ ದಾಟಿದರೆ ಒಂದು ಟ್ರಿಪ್. ಈ ಒಂದೇ ಪ್ರಯಾಣದಲ್ಲಿ ದುಡ್ಡು ಹುಟ್ಟುತ್ತೆ. ರಾಜ್ಯ ಸರ್ಕಾರದ ರಸ್ತೆಗಳಲ್ಲಿ ನಡೆಯಲ್ಲ, ಅದಕ್ಕೆ ಬೇರೆ ಬ್ಯಾಲೆನ್ಸ್ ಇರಲಿ. ಗುಜರಾತಲ್ಲಿ ಮದ್ಯನಿಷೇಧ, ಗಾಡಿಯಲ್ಲಿ ಯಾರದ್ದೂ ಬಾಟಲಿ ಇರಬಾರದು.

ಊಟಕ್ಕೆ ಹುರಿಹಿಟ್ಟು, ಅವಲಕ್ಕಿ, ಚಟ್ನಿಪುಡಿ, ಒಂದು ಪುಟ್ಟ ಕರೆಂಟ್ ಕುಕ್ಕರ್. ಗುಜರಾತಿನ ಸಿಹಿ ಬೇಳೆ ನಮ್ಮತ್ತೆಗೆ ಸೇರಲಿಲ್ಲ, ರಾತ್ರಿ ರೂಮಲ್ಲಿ ಅನ್ನ ಮಾಡಿ ಮೊಸರಲ್ಲಿ ಕಲಸಿ ಕೊಟ್ಟಿದ್ದಕ್ಕೇ ಅವರು ತಡೆದುಕೊಂಡರು. ಕುಡಿಯೋಕೆ ಕ್ಯಾನ್ ನೀರೇ. ಅಲ್ಲಿಯ ಬೋರ್ ನೀರು ಉಪ್ಪು.

ಕೊನೆಗೆ ಗಾಡಿ. ಟೈರ್ ಐದು ವರ್ಷ ಮೀರಿದ್ದರೆ ಗ್ರಿಪ್ ಇದ್ದರೂ ಬದಲಾಯಿಸಿ. ಸ್ಟೆಪ್ನಿಗೆ ಗಾಳಿ ಇದೆಯಾ ನೋಡಿ. ಹೊರಡೋ ಮುಂಚೆ ಅಡಿಭಾಗಕ್ಕೆ ತುಕ್ಕು ಹಿಡಿಯದ ಕೋಟಿಂಗ್ ಮಾಡಿಸಿ. ಕೆರೆಯಿಂದ ಬಂದ ದಿನವೇ ಕಿಶನ್‌ಗಢದಲ್ಲಿ ವಾಟರ್ ವಾಷ್ ಮಾಡಿಸಿ, ಮೇಲ್ಗಡೆ ಹೊಳೆಯೋ ಹಾಗೆ ತೊಳೆದರೆ ಸಾಲದು, ಲಿಫ್ಟ್ ಮೇಲೆ ಏರಿಸಿ ಚಕ್ರದ ಒಳಗಡೆ, ಸೈಲೆನ್ಸರ್, ಸಸ್ಪೆನ್ಷನ್ ಎಲ್ಲಾ ಕಡೆ ಸಿಹಿನೀರು ಹೋಗಬೇಕು. ನಾವು ಊರಿಗೆ ಬಂದ ಮೇಲೆ ತೊಳೆದರಾಯ್ತು ಅಂತ ಬಿಟ್ವಿ. ಐದು ದಿನ ಆ ಉಪ್ಪು ಕೆಸರು ಅಂಟಿಕೊಂಡೇ ಇತ್ತು. ಮುಂದಿನ ಮಳೆಗಾಲದ ಸರ್ವಿಸ್‌ನಲ್ಲಿ ಮೆಕ್ಯಾನಿಕ್ ಕರೆದು ತೋರಿಸಿದ, ಬ್ರೇಕ್ ಪೈಪಿನ ಮೇಲೆ ಉಗುರಲ್ಲಿ ಕೆರೆದರೆ ಕೆಂಪಗೆ ಉದುರ್ತಿತ್ತು. ಅದನ್ನ ಬದಲಾಯಿಸಬೇಕಾಯ್ತು.

ನಿಮ್ಮದು ಸಿಎನ್‌ಜಿ ಗಾಡಿನಾ, ಬರೀ ಪೆಟ್ರೋಲಾ ಅಂತ ಬರೆದಿಲ್ಲ. ಸಿಎನ್‌ಜಿ ಆದರೆ ಸಿಲಿಂಡರ್ ಇರೋದರಿಂದ ಆರು ಜನದ ಚಳಿ ಬಟ್ಟೆಗೆ ಹಿಂದೆ ಜಾಗ ಸಾಲಲ್ಲ, ಮೇಲೆ ಕ್ಯಾರಿಯರ್ ಹಾಕಿಸಬೇಕಾಗುತ್ತೆ. ಅದೊಂದು ಹೇಳಿ, ನಮ್ಮ ಲಗೇಜಿನ ಪಟ್ಟಿ ಇನ್ನೂ ಇಟ್ಟಿದ್ದೀನಿ, ಸಂಜೆ ಇಲ್ಲೇ ಹಾಕ್ತೀನಿ.